ಮೈಕಿನಲ್ಲಿ ಓದಬೇಕಾದ ಕಾಗದ

"ಫೋನಲ್ಲಿ ಊರಿಗೆಲ್ಲ ಕೇಳೋ ಹಾಗೆ ಬೊಗಳಿದೆಯಲ್ಲೇ ಲೌಡಿ, ಈಗ ನಾಲಿಗೆ ಎಲ್ಲಿಟ್ಟೆ?"

ಗಾರ್ಮೆಂಟ್ಸ್ ಮ್ಯಾನೇಜರನ ಕೋಣೆಯಲ್ಲಿ ಸೂಪರ್‌ವೈಸರ್ ಮೇಜು ಗುದ್ದಿದ. ಕಾಲರ್ ಹೊಲಿಯುವ ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಫೋನಿನಲ್ಲಿ ವಿಡಿಯೋ ಮಾಡಿ ಹಾಕಿ ಅವಳು ಮಾತಾಡಿದ್ದು ನಲವತ್ತು ಸೆಕೆಂಡು. ಏಳು ತಿಂಗಳ ಬಸುರಿ ಅಕ್ಕ ಬಾತ್‌ರೂಮಿಗೆ ಹೋಗಲು ಮೂರು ಸಲ ಕೇಳಿದ್ದು, ಇವನು ಬಿಡದಿದ್ದು, ಅಕ್ಕ ಕೂತಲ್ಲೇ ಒದ್ದೆಯಾದದ್ದು, ಆ ನೆಲವನ್ನು ಅವಳ ವೇಲಿನಿಂದಲೇ ಒರೆಸಿಸಿದ್ದು. ಅಷ್ಟೇ.

ಎದುರಿಗೆ ಪೊಲೀಸ್ ಸಾಹೇಬರು ಮ್ಯಾನೇಜರ್ ತರಿಸಿದ ಕಾಫಿ ಆರಿಸಿಕೊಳ್ಳುತ್ತಿದ್ದರು.

"ನೋಡಮ್ಮ, ಮಾತಾಡೋ ಹಕ್ಕು ಎಲ್ಲರಿಗೂ ಇದೆ. ಸಂವಿಧಾನಾನೇ ಕೊಟ್ಟಿದೆ. ಅದಕ್ಕೆ ಮಿತೀನೂ ಅಲ್ಲೇ ಬರೆದಿದ್ದಾರೆ. ಕಂಪನಿ ಮಾನ ತೆಗೆದಿದ್ದೀಯ. ಕೇಸಾಗುತ್ತೆ."

"ಅಕ್ಕನ ಮಾನ, ಸಾರ್?"

ಸಾಹೇಬರು ಬಿಸ್ಕತ್ತು ಅದ್ದಿದರು. "ಅವಳು ಕಂಪ್ಲೇಂಟ್ ಕೊಟ್ಟಿಲ್ವಲ್ಲ."

"ನಾ ಹೇಳಿದ್ದು ನಿಜ ಸಾರ್."

"ಕೋರ್ಟಲ್ಲಿ ತೋರಿಸು. ನಿಮ್ಮಕ್ಕನ ಮಗು ಸ್ಕೂಲಿಗೆ ಸೇರೋ ಹೊತ್ತಿಗೆ ತೀರ್ಪು ಬರುತ್ತೆ."

ಮ್ಯಾನೇಜರ್ ಟೈಪ್ ಮಾಡಿಸಿದ ತಪ್ಪೊಪ್ಪಿಗೆ ಕಾಗದ ತಳ್ಳಿದ. "ಎಲ್ಲರ ಮುಂದೆ ಮೈಕಲ್ಲಿ ಓದು. ವಿಡಿಯೋ ಮಾಡ್ಕೋತೀವಿ. ಆಮೇಲೆ ಸಹಿ. ಇಲ್ಲಾಂದ್ರೆ ನೀನು ಸ್ಟೇಷನ್ನಿಗೆ, ನಿಮ್ಮಕ್ಕ ಮನೆಗೆ."

ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿಕೊಳ್ಳುತ್ತ ಅವರ ಹಿಂದೆ ನಡೆದಳು.

ಹಾಲಿನಲ್ಲಿ ಇನ್ನೂರು ಹೊಲಿಗೆ ಮೆಷಿನ್ನು. ಮೈಕ್ ಕೀರಲು ದನಿ ಎತ್ತಿದರೆ ಎಲ್ಲರೂ ಪೆಡಲಿನಿಂದ ಕಾಲೆತ್ತಬೇಕು. ಎತ್ತಿದರು. ಫ್ಯಾನಿನ ಸದ್ದಷ್ಟೇ ಉಳಿಯಿತು. ಸೂಪರ್‌ವೈಸರ್ ಮೊಬೈಲ್ ಎತ್ತಿ ಹಿಡಿದ.

"ನಾನು... ಹೇ... ಹೇಳಿದ್ದೆಲ್ಲ..."

ಮೂರನೇ ಸಾಲಿನಲ್ಲಿ ಒಂದು ಮೆಷಿನ್ನು ಗರ್ರೆಂದಿತು. ಅಕ್ಕನದು. ಸೂಜಿಯ ಕೆಳಗೆ ಬಟ್ಟೆಯೇ ಇಲ್ಲ.

"ಯಾವಳೇ ಅವಳು! ಕಾಲೆತ್ತೇ, ಸೂಜಿ ಮುರಿಯುತ್ತೆ!"

ಅಕ್ಕ ಎತ್ತಲಿಲ್ಲ. ಪಕ್ಕದಲ್ಲಿ ತೋಳು ಕೂಡಿಸುವ ದೊಡ್ಡಮ್ಮ ಒತ್ತಿದಳು. ಜೇಬು ಹೊಲಿಯುವವಳು ಒತ್ತಿದಳು. ಆಮೇಲೆ ಸಾಲಿಗೆ ಸಾಲೇ. ಇನ್ನೂರು ಸೂಜಿಗಳು ಬರಿದೇ ಕುಟ್ಟತೊಡಗಿದವು. ಸೂಪರ್‌ವೈಸರನ ಬಾಯಿ ಆಡುತ್ತಿತ್ತು, ಬೈಗುಳ ಮಾತ್ರ ಯಾರಿಗೂ ಮುಟ್ಟುತ್ತಿರಲಿಲ್ಲ.

ಹುಡುಗಿ ಮೈಕ್ ಬಿಟ್ಟು ತನ್ನ ಜಾಗಕ್ಕೆ ಬಂದು ಕೂತಳು. ಕಾಗದವನ್ನು ಸೂಜಿಯ ಕೆಳಗಿಟ್ಟು ಮೊದಲ ಸಾಲಿನ ಮೇಲೆ ಹೊಲಿಗೆ ಓಡಿಸಿದಳು. ತಿರುಗಿಸಿ ಎರಡನೆಯದರ ಮೇಲೆ. ಮತ್ತೆ ತಿರುಗಿಸಿದಳು.

ಸಾಹೇಬರ ಕೈ ಅವಳ ಹೆಗಲ ಮೇಲೆ ಬಿದ್ದಾಗ, ಸಹಿ ಹಾಕುವ ಜಾಗವೊಂದೇ ಉಳಿದಿತ್ತು.