ಯಶೋದಕ್ಕನ ಪಾಳಿ

"ಓಟಿಪಿ ಹೇಳ್ರಿ ಮೇಡಂ," ಎಂದಳು ಬಿಲ್ ಹಾಕುವ ಹುಡುಗಿ.

ಸರೋಜಾ ಫೋನ್ ನೋಡಿದಳು. ಏನೂ ಬಂದಿರಲಿಲ್ಲ. ಕೌಂಟರಿನ ಮೇಲೆ ಯಶೋದಕ್ಕನ ಸಾಮಾನು ಬಿದ್ದಿತ್ತು: ಎಣ್ಣೆಯ ಕ್ಯಾನು, ಕಡಲೆಬೇಳೆ, ಬೆಲ್ಲ, ಮೈದಾ, ಗೋಡಂಬಿಯ ಒಂದು ಸಣ್ಣ ಪೊಟ್ಟಣ. ಗೋಡಂಬಿಯನ್ನು ಯಶೋದಕ್ಕ ಎರಡು ಸಲ ಬುಟ್ಟಿಗೆ ಹಾಕಿ ಎರಡು ಸಲವೂ ತೆಗೆದಿಟ್ಟಿದ್ದಳು. "ಪಾಯಿಂಟಿನಾಗ ಬರ್ತೈತೆ, ತಗೋ," ಎಂದು ಮತ್ತೆ ಹಾಕಿದವಳು ಸರೋಜಾ.

"ಇನ್ನೊಮ್ಮೆ ಕಳಿಸಮ್ಮ."

"ಕಳಿಸೀನಿ. ಹೋಗೈತೆ ಅಂತ ತೋರಿಸ್ತೈತೆ."

ಹಿಂದೆ ನಿಂತವರ ಟ್ರಾಲಿ ಸರೋಜಾಳ ಹಿಮ್ಮಡಿಗೆ ತಾಗಿತು. ಯಾರೂ ಕ್ಷಮಿಸಿ ಎನ್ನಲಿಲ್ಲ.

ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಓಣಿಯ ನಾಲ್ಕು ಮನೆಯವರು ನಾಲ್ಕು ವರ್ಷದಿಂದ ಒಂದೇ ಫೋನ್ ನಂಬರಿನ ಮೇಲೆ ಈ ಸೂಪರ್‌ಮಾರ್ಕೆಟಿನಲ್ಲಿ ತಿಂಗಳ ಸಂತೆ ಮಾಡುತ್ತಿದ್ದರು. ಒಬ್ಬೊಬ್ಬರೇ ಕೊಂಡರೆ ಬಿಲ್ಲು ರಿಯಾಯಿತಿಯ ಮಿತಿ ಮುಟ್ಟುತ್ತಿರಲಿಲ್ಲ. ಎಲ್ಲರ ಸಾಮಾನು ಒಂದೇ ಬಿಲ್ಲಿಗೆ ಹಾಕಿಸಿದರೆ ಸಕ್ಕರೆ ಅಗ್ಗಕ್ಕೆ ಸಿಗುತ್ತಿತ್ತು, ಎಣ್ಣೆಗೆ ಕಡಿತ ಬರುತ್ತಿತ್ತು, ಅದರ ಮೇಲೆ, ಮುಂದೆ ರೊಕ್ಕದ ಹಾಗೆ ಬಳಸಬಹುದಾದ ಪಾಯಿಂಟು. ಪಾಯಿಂಟನ್ನು ಪಾಲು ಮಾಡಿದರೆ ಯಾರ ಕೈಗೂ ಏನೂ ಹತ್ತುವುದಿಲ್ಲವೆಂದು ಚೀಟಿ ಎತ್ತುವ ಹಾಗೆ ಪಾಳಿ ಮಾಡಿಕೊಂಡಿದ್ದರು. ವರ್ಷದ ಪಾಯಿಂಟು ಪೂರ್ತಿ ಒಬ್ಬರಿಗೆ. ಮೊದಲು ತಿಮ್ಮವ್ವ, ಆಮೇಲೆ ಸರೋಜಾ, ಹೋದ ವರ್ಷ ಓಬಕ್ಕ. ಯಶೋದಕ್ಕ ತಾನಾಗಿಯೇ ಕೊನೆಯ ಪಾಳಿ ಕೇಳಿದ್ದಳು. ಅಷ್ಟೊತ್ತಿಗೆ ಮಗಳು ಭವ್ಯಾಳದು ಏನಾದರೊಂದು ಕಾರ್ಯ ಬರುತ್ತದೆ ಎಂಬ ಲೆಕ್ಕ. ಬಂದಿತ್ತು. ನಾಳೆ ಭವ್ಯಾಳ ಕುಬಸ. ಆರು ತಿಂಗಳ ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವುದಕ್ಕೆ ಕಡರನಾಯಕನಹಳ್ಳಿಯಿಂದ ಬೀಗರು ಒಂದು ಟೆಂಪೋ ತುಂಬ ಬರುವವರಿದ್ದರು. ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಯಶೋದಕ್ಕನ ಕೈಯಲ್ಲಿ ಅವರ ಊಟಕ್ಕೆ ಇದ್ದದ್ದು ಈ ಪಾಯಿಂಟು ಮಾತ್ರ. ಇವತ್ತು ಅಂಗಡಿ ಮುಚ್ಚಿದರೆ ವರ್ಷದ ಅವಧಿಯೂ ಮುಗಿದು ಅದು ಸೊನ್ನೆಯಾಗುತ್ತಿತ್ತು.

ನಂಬರು ಸರೋಜಾಳದು. ಯಾವ ವಾರ ಯಾವುದಕ್ಕೆ ರಿಯಾಯಿತಿ, ಯಾವುದರ ಜೊತೆ ಯಾವುದು ಉಚಿತ, ಎಲ್ಲ ನೋಡಿಕೊಳ್ಳುವವಳು ಅವಳು. ಅದಕ್ಕೆ ಪ್ರತಿಯಾಗಿ ಬಿಲ್ಲಿನ ತುದಿಗೆ ಬರುವ ಕೂಪನ್ನುಗಳು ಅವಳಿಗೆ ಎಂದು ಉಳಿದ ಮೂವರೂ ಒಪ್ಪಿದ್ದರು. ಅವಳ ಮನೆಯ ಚಹಾಪುಡಿ, ಪೇಸ್ಟು, ಪಾತ್ರೆ ತೊಳೆಯುವ ಸೋಪು ಬಹುಪಾಲು ಅದರಲ್ಲೇ ಹೋಗುತ್ತಿತ್ತು. ಗಂಡ ಹನುಮೇಶ್ ದುಡಿಯುವ ಕರೂರಿನ ಚೀಲದ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ನಿಂತ ಮೇಲೆ ಅವಳು ಇಡೀ ವಾರದ ಅಡುಗೆಯನ್ನು ಭಾನುವಾರವೇ ಗೊತ್ತು ಮಾಡಿಬಿಡುತ್ತಿದ್ದಳು. ಹೆಸರುಕಾಳು ಒಂದು ದಿನ ಪಲ್ಯ, ಅದನ್ನು ಬೇಯಿಸಿದ ನೀರು ಮರುದಿನ ಸಾರು. ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನ. ಶನಿವಾರ ರಾತ್ರಿ ಒಗ್ಗರಣೆ ಮಂಡಕ್ಕಿಯಲ್ಲೇ ಊಟ ಮುಗಿಯಬೇಕು. "ಇವತ್ತೇನು ಸಾರು ಅಂತ ನನ್ನ ಕೇಳಬ್ಯಾಡ್ರಿ, ಅಂಗಡಿಯವನ್ನ ಕೇಳ್ರಿ. ಯಾವುದಕ್ಕೆ ಆಫರ್ ಐತೋ ಅದೇ ಸಾರು," ಎಂದು ಹನುಮೇಶ್ ಬಂದವರ ಮುಂದೆ ಅಣಕಿಸುತ್ತಿದ್ದ.

"ನೆಟ್‌ವರ್ಕ್ ಇಲ್ಲಕ್ಕ," ಎಂದಳು ಸರೋಜಾ.

"ನನ್ನ ಫೋನಿಗೆ ಐತಲ್ಲ?"

"ಕಂಪನಿ ಬ್ಯಾರೆ."

ಹೇಳುವಾಗಲೇ ಅವಳಿಗೆ ಗೊತ್ತಾಗಿತ್ತು. ಫೋನಿನಲ್ಲಿ ಎರಡು ಸಿಮ್ ಇದ್ದವು. ಮೇಲಿನ ಮೂಲೆಯಲ್ಲಿ ಒಂದಕ್ಕೆ ಗೆರೆಗಳಿದ್ದವು, ಇನ್ನೊಂದಕ್ಕೆ ಅಡ್ಡಗೆರೆ. ಆ ಅಡ್ಡಗೆರೆ ಎಷ್ಟೋ ತಿಂಗಳಿಂದ ಅಲ್ಲೇ ಇತ್ತು. ನೋಡಿ ನೋಡಿ ಕಣ್ಣಿಗೆ ಕಾಣದಂತಾಗಿತ್ತು. ಅಂಗಡಿಗೆ ಕೊಟ್ಟದ್ದು ಆ ಎರಡನೆಯ ನಂಬರು. ಅದಕ್ಕೆ ಯಾರೂ ಕರೆ ಮಾಡುತ್ತಿರಲಿಲ್ಲ. ರೀಚಾರ್ಜು ತುಟ್ಟಿಯಾದಾಗ ಅವಳು ಮನೆಯಲ್ಲಿ ಮೊದಲು ನಿಲ್ಲಿಸಿದ ಖರ್ಚು ಅದೇ. ಬಿಲ್ ಹಾಕಿಸುವಾಗ ನಂಬರು ಬಾಯಲ್ಲಿ ಹೇಳಿದರೆ ಸಾಕು, ಪಾಯಿಂಟು ಕೂಡುತ್ತಿತ್ತು. ಓಟಿಪಿ ಬೇಕಾಗುವುದು ಪಾಯಿಂಟು ಬಿಡಿಸಿಕೊಳ್ಳುವಾಗ, ವರ್ಷಕ್ಕೊಮ್ಮೆ. ಆಗ ಹಾಕಿಸಿದರಾಯಿತು ಎಂದುಕೊಂಡಿದ್ದಳು. ಆಮೇಲೆ ಮರೆತಳು.

"ಓಟಿಪಿ ಇಲ್ದೆ ಸಿಸ್ಟಮ್ ತಗಳಲ್ಲ ಮೇಡಂ. ಸಾಮಾನು ತಗದಿಡ್ತೀನಿ, ಆರು ಗಂಟಿ ಒಳಗೆ ಬರ್ರಿ. ನನ್ನ ಡ್ಯೂಟಿ ಮುಗೀತು ಅಂದ್ರೆ ಎಲ್ಲ ವಾಪಸ್ ರ್‍ಯಾಕಿಗೆ ಹೋಗ್ತಾವೆ."

ಯಶೋದಕ್ಕ ಸರೋಜಾಳ ಮುಖ ನೋಡಿದಳು. "ಆಗ್ತೈತಲ್ಲ ಸರೋಜ? ಬೀಗರಿಗೆ ಹೋಳಿಗಿ ಊಟ ಅಂತ ಹೇಳೀನಿ."

"ಆಗದೇ ಏನು. ನೀ ಮನಿಗೆ ಹೋಗು. ನಾನೇ ಆಟೋದಾಗ ಹಾಕ್ಕಂಡು ಬರ್ತೀನಿ."

ಯಶೋದಕ್ಕ ಹೋದ ಮೇಲೆ ಸರೋಜಾ ಹೊರಗೆ ಬೈಕುಗಳ ನಡುವೆ ನಿಂತು ತನ್ನದೇ ನಂಬರಿಗೆ ಕರೆ ಮಾಡಿದಳು. ರಿಂಗ್ ಆಯಿತು. ಅವಳ ಕೈಯಲ್ಲಿದ್ದ ಫೋನು ಸುಮ್ಮನಿತ್ತು.

"ಹಲೋ, ಯಾರು?" ಗಂಡಸಿನ ದನಿ, ವಯಸ್ಸಾದದ್ದು.

"ಅಣ್ಣಾರೆ, ಈ ನಂಬರ್ ನಂದು."

"ನಿಂದಾ? ನಾ ರೊಕ್ಕ ಕೊಟ್ಟು ತಗೊಂಡೀನಲ್ಲ."

"ಮೊದ್ಲು ನಂದಿತ್ತು. ರೀಚಾರ್ಜ್ ಹಾಕ್ಸಿದ್ದಿಲ್ಲ, ಕಂಪನಿಯವ್ರು ನಿಮಗೆ ಕೊಟ್ಟಾರೆ. ಈಗ ನಿಮಗೊಂದು ಓಟಿಪಿ ಬಂದೈತಲ್ಲ, ಅದನ್ನ ಸ್ವಲ್ಪ…"

"ಬಂತು ನೋಡು!" ಆತ ಪಕ್ಕದಲ್ಲಿದ್ದವರಿಗೆ ಹೇಳುತ್ತಿದ್ದ. "ಬಂತು ಫೋನು. ಹೋದ ವರ್ಷ ಬ್ಯಾಂಕಿನವ ಅಂತ ಗಂಡಸು ಮಾಡಿದ್ದ. ಈಗ ಹೆಣ್ಣುಮಕ್ಕಳನ್ನ ಕೂಡಿಸ್ಯಾರ."

ಕರೆ ಕಡಿದುಹೋಯಿತು. ತಾನು ಆಡಿದ ಮಾತನ್ನು ಸರೋಜಾ ಮನಸ್ಸಿನಲ್ಲಿ ಮತ್ತೆ ಕೇಳಿದಳು. ಕಳ್ಳರು ಹೇಳುವುದೂ ಅಕ್ಷರಶಃ ಅದನ್ನೇ. ತಾನಾಗಿದ್ದರೂ ಕತ್ತರಿಸುತ್ತಿದ್ದಳು. ಮತ್ತೆ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು.

"ಪೊಲೀಸರಿಗೆ ಕೊಡ್ತೀನಿ ನಿನ್ನ ನಂಬರ್."

"ಕೊಡ್ರಿ. ಮೊದ್ಲು ನಿಮ್ಮೂರು ಹೇಳ್ರಿ. ನಾನೇ ಬರ್ತೀನಿ. ನನ್ನ ಮಾರಿ ನೋಡಿ ಆಮೇಲೆ ಬೈರಿ."

"ಬರ್ತೀಯಾ? ಬಾ. ಹರಿಹರ. ಬಸ್ ಸ್ಟ್ಯಾಂಡ್ ಹಿಂದ ಗಾದಿ ಅಂಗಡಿ ಮಸ್ತಾನಸಾಬ್ ಅಂದ್ರ ಯಾರಾದ್ರೂ ತೋರಿಸ್ತಾರ. ಧೈರ್ಯ ಇದ್ರ ಬಾ."

ಬಸ್ ನಿಲ್ದಾಣದ ಹೊರಗೆ ಖಾಸಗಿ ಬಸ್ಸೊಂದು ಹೊರಡುತ್ತಿತ್ತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಅಭ್ಯಾಸ ಬಲದಿಂದ ಖಾಸಗಿಯದನ್ನು ಬಿಟ್ಟು ಸರ್ಕಾರಿ ಬಸ್ಸಿಗೆ ಕಾದಳು. ಕಾಯುತ್ತ ನಿಂತಮೇಲೆ ತಾನೇನು ಮಾಡುತ್ತಿದ್ದೇನೆ ಎಂದು ಹೊಳೆಯಿತು. ಅಷ್ಟೊತ್ತಿಗೆ ಖಾಸಗಿ ಬಸ್ಸು ಹೋಗಿತ್ತು. ಸರ್ಕಾರಿ ಬಸ್ಸು ಬಂದು, ತುಂಬಿ, ಡ್ರೈವರು ಚಹಾ ಮುಗಿಸಿ ಬರುವ ಹೊತ್ತಿಗೆ ಮೂರು ದಾಟಿತ್ತು.

ಬಸ್ಸು ಹೊರಟ ಮೇಲೆ ಯಶೋದಕ್ಕನ ಫೋನು ಬಂತು. "ಎಲ್ಲಿದ್ದೀ?"

"ಫೋನ್ ಅಂಗಡಿಯಾಗ. ಸಿಮ್ ನೋಡಾಕತ್ತಾರೆ."

"ಹರಿಹರ, ಹರಿಹರ! ಒಳಗೆ ನಡೀರಿ," ಎಂದು ಕಂಡಕ್ಟರ್ ಕೂಗಿದ.

"ಅದ್ಯಾರು ಹರಿಹರ ಅಂತಾರೆ?"

"ರೋಡಿನಾಗ ಯಾರೋ. ಇಡ್ತೀನಕ್ಕ."

ಮಸ್ತಾನಸಾಬನ ಅಂಗಡಿ ಒಂದು ಕೋಣೆಯಷ್ಟಿತ್ತು. ಆತ ಹತ್ತಿ ಹಿಂಜುವ ಯಂತ್ರ ನಿಲ್ಲಿಸಿ ಹೊರಗೆ ಬಂದ. ಹುಬ್ಬಿಗೆ, ಗಡ್ಡಕ್ಕೆ ಹತ್ತಿ ಹತ್ತಿತ್ತು. ಸರೋಜಾಳನ್ನು ಮೇಲಿಂದ ಕೆಳಗೆ ನೋಡಿದ, ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದೂ ನೋಡಿದ. ಒಳಗೆ ಗಾದಿಗೆ ಹೊಲಿಗೆ ಹಾಕುತ್ತಿದ್ದ ಅವನ ಹೆಂಡತಿ ಅಮೀನಾಬೀ ದಬ್ಬಳ ಪಕ್ಕಕ್ಕಿಟ್ಟು, "ಬಿಸಿಲಾಗ ಬಂದಾಳ. ಬರ್ರಿ, ಕೂಡ್ರಿ," ಎಂದಳು.

"ಕೂಡಿಸಬ್ಯಾಡ ಇನ್ನೂ," ಎಂದ ಆತ. ಫೋನ್ ತೆರೆದು ಸರೋಜಾಳ ಮುಂದೆ ಹಿಡಿದ. "ಈ ನಂಬರ್ ತಗೊಂಡಾಗಿಂದ ಬರಾಕತ್ತಾವ. ಖರೀದಿಗೆ ಧನ್ಯವಾದ, ಖರೀದಿಗೆ ಧನ್ಯವಾದ. ನಾ ಆ ಅಂಗಡಿ ಮೆಟ್ಟಲಾ ಹತ್ತಿಲ್ಲ. ಯಾರೋ ನನ್ನ ಹೆಸರಿನಾಗ ಸಂತಿ ಮಾಡ್ತಾರ, ಒಂದಿನ ಬಿಲ್ಲು ನನ್ನ ಬಾಗಿಲಿಗೆ ಬರ್ತೈತಿ ಅಂತ ನಿದ್ದಿ ಇಲ್ಲ ನನಗ."

"ತಿಂಗಳಿಗೆ ಇಷ್ಟು ತಿನ್ನಾಕ ಇದ್ಯಾವ ನವಾಬನ ಮನಿ ಅಂತಿದ್ರು ಇವ್ರು," ಎಂದಳು ಅಮೀನಾಬೀ.

"ನಾಲ್ಕು ಮನೀದು ಬೀ," ಎಂದು ಸರೋಜಾ ಚೀಲದಿಂದ ಬಿಲ್ಲುಗಳನ್ನು ತೆಗೆದಳು. ಹಿಂದಿನ ಬಿಲ್ಲುಗಳನ್ನು ಅವಳು ಕೂಪನ್ನಿಗಾಗಿ ಚೀಲದಲ್ಲೇ ಇಟ್ಟುಕೊಂಡಿರುತ್ತಿದ್ದಳು. ಮಸ್ತಾನಸಾಬ್ ಒಂದೊಂದನ್ನೇ ಹಿಡಿದು ಮೆಸೇಜಿನ ಮೊತ್ತದ ಜೊತೆ ಬೆರಳಿಟ್ಟು ನೋಡಿದ. ಅವಳು ಪಾಳಿಯ ವಿಷಯ, ಕುಬಸದ ವಿಷಯ ಹೇಳಿದಳು. ಹೇಳುವಾಗ ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಗಿದ್ದು ಕಂಡಿತು.

"ಸರಿ, ನೀನೇ ಅಕಿ," ಎಂದ ಆತ ಕೊನೆಗೆ. "ಖರೆ ಹೇಳಾಕತ್ತೀ. ಆದ್ರ ಫೋನಿನಾಗ ಓಟಿಪಿ ನಾ ಯಾರಿಗೂ ಹೇಳಂಗಿಲ್ಲ. ಹಂಗ ಹೇಳೇ ಹೋದ ವರ್ಷ ಹೊಸ ಹಿಂಜೋ ಮಷೀನಿಗೆ ಇಟ್ಟಿದ್ದ ರೊಕ್ಕ ಎಲ್ಲ ಹೋತು. ಈ ಫೋನು ಈ ಅಂಗಡಿ ದಾಟಂಗಿಲ್ಲ. ಇಲ್ಲೇ ನನ್ನ ಮುಂದ ಕುಂತು ನೀನೇ ಓದ್ಕೋ."

ಮಧ್ಯಾಹ್ನದ ಓಟಿಪಿ ಸತ್ತುಹೋಗಿತ್ತು. ಹೊಸದು ಬರಬೇಕಾದರೆ ಈಗ ದಾವಣಗೆರೆಯ ಕೌಂಟರಿನಲ್ಲಿ ಯಾರಾದರೂ ನಿಂತಿರಬೇಕು. ಹನುಮೇಶ್ ಫ್ಯಾಕ್ಟರಿಯಲ್ಲಿದ್ದ, ಒಳಗೆ ಫೋನ್ ಬಿಡುವುದಿಲ್ಲ. ತಿಮ್ಮವ್ವನಿಗೆ ಮಂಡಿನೋವು. ಓಬಕ್ಕ ಹೋಗುತ್ತಾಳೆ, ಆದರೆ ಓಣಿಯ ತಿರುವು ದಾಟುವುದರೊಳಗೆ ಎಲ್ಲರಿಗೂ ಹೇಳಿರುತ್ತಾಳೆ. ಸರೋಜಾ ಇನ್ಯಾರಾದರೂ ಇದ್ದಾರೆಯೇ ಎಂದು ಯೋಚಿಸಿದಳು. ಯಾರೂ ಇರಲಿಲ್ಲ.

"ಯಶೋದಕ್ಕ, ಈಗ್ಲೇ ಅಂಗಡಿಗೆ ಹೋಗು."

"ನೀ ಅಲ್ಲೇ ಇದ್ದೀಯಲ್ಲ?"

"ಇಲ್ಲ. ಹರಿಹರದಾಗ ಇದ್ದೀನಿ."

ಆ ಕಡೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನಿಂತಿತು. ಸರೋಜಾ ಎಲ್ಲ ಹೇಳಿದಳು. ಬೇಗ ಬೇಗ ಹೇಳಿದಳು, ಮಧ್ಯೆ ಯಶೋದಕ್ಕ ಏನಾದರೂ ಕೇಳದಿರಲಿ ಎಂದು. ಯಶೋದಕ್ಕ ಪೂರ್ತಿ ಕೇಳಿಸಿಕೊಂಡಳು.

"ಯಾವಾಗಿಂದ ರೀಚಾರ್ಜ್ ಹಾಕ್ಸಿಲ್ಲ ನೀ?"

"ಓಬಕ್ಕನ ಪಾಳಿ ಮುಗಿದ ಮೇಲೆ."

"ಅಂದ್ರೆ ನನ್ನ ಪಾಳಿ ಶುರುವಾದಾಗಿಂದ."

ಸರೋಜಾಳಿಗೆ ಅದು ಹಾಗೆ ಹೊಳೆದೇ ಇರಲಿಲ್ಲ. "ಅದಕ್ಕಲ್ಲಕ್ಕ. ಆಗ ರೇಟ್ ಜಾಸ್ತಿ ಮಾಡಿದ್ರು…"

"ನಿನ್ನ ಪಾಳಿ ಇದ್ದಾಗ ಹಾಕ್ಸಿದ್ದಿ."

"ಅಕ್ಕ…"

"ಕೌಂಟರಿನಾಗ ನನ್ನ ಮಗ್ಗಲಾಗ ನಿಂತು ನೆಟ್‌ವರ್ಕ್ ಅಂದಿ. ಬಸ್ಸಿನಾಗ ಕುಂತು ಫೋನ್ ಅಂಗಡಿ ಅಂದಿ. ಇಡು, ಹೋಗ್ತೀನಿ."

ಅಮೀನಾಬೀ ಚಹಾ ತಂದಿಟ್ಟಳು. ಸರೋಜಾ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. ಮಸ್ತಾನಸಾಬ್ ತನ್ನ ಫೋನನ್ನು ಇಬ್ಬರ ನಡುವೆ ಒಂದು ತಲೆದಿಂಬಿನ ಮೇಲೆ ಇಟ್ಟು ಅದರ ಮುಂದೆ ಕಾವಲು ಕೂತ. ಓಣಿಯಿಂದ ಅಂಗಡಿಗೆ ನಡೆದರೆ ದೂರ. ಯಶೋದಕ್ಕ ಆಟೋ ಹತ್ತುವವಳಲ್ಲ. ಹತ್ತದಂತೆ ಕಲಿಸಿದವಳೂ ಸರೋಜಾಳೇ. ಐದು ದಾಟಿತು. ಐದೂವರೆ ಆಯಿತು. ಫೋನ್ ಸದ್ದು ಮಾಡಿತು, ಇಬ್ಬರೂ ಬಗ್ಗಿದರು. ಯಾವುದೋ ಸಾಲದ ಜಾಹೀರಾತು.

"ನಿನ್ನ ಅಕ್ಕ ಬರ್ತಾಳಲ್ಲ?" ಎಂದ ಮಸ್ತಾನಸಾಬ್.

"ಬರ್ತಾಳೆ," ಎಂದಳು. ಅವಳಿಗೆ ಗ್ಯಾರಂಟಿ ಇರಲಿಲ್ಲ. ಸಿಟ್ಟಿಗೆ ಬಿಟ್ಟುಬಿಟ್ಟರೆ? ಕೌಂಟರಿನಲ್ಲಿ ಬೇರೆ ಹುಡುಗಿ ಕೂತಿದ್ದರೆ? ನಾಳೆ ಟೆಂಪೋದಿಂದ ಬೀಗರು ಇಳಿಯುತ್ತಾರೆ, ಬರೀ ಅನ್ನ ಸಾರು ಬಡಿಸಿ ಯಶೋದಕ್ಕ ಏನು ಹೇಳುತ್ತಾಳೆ? ಅವಳು ಏನೂ ಹೇಳುವುದಿಲ್ಲ, ಭವ್ಯಾಳ ಅತ್ತೆ ವರ್ಷಗಟ್ಟಲೆ ಹೇಳುತ್ತಾಳೆ.

ಆರಕ್ಕೆ ಇನ್ನು ಸ್ವಲ್ಪವಿದ್ದಾಗ ಸರೋಜಾಳ ಫೋನ್ ರಿಂಗಾಯಿತು. "ಕಳಿಸ್ಯಾಳಂತೆ," ಎಂದಿತು ಯಶೋದಕ್ಕನ ದನಿ, ಏದುಸಿರಿನಲ್ಲಿ. ತಲೆದಿಂಬಿನ ಮೇಲಿನ ಫೋನ್ ಬೆಳಗಿತು. ಮಸ್ತಾನಸಾಬ್ ಮೊದಲು ತಾನು ನೋಡಿದ, ಅಂಗಡಿಯ ಹೆಸರೇ ಹೌದೆಂದು ಖಚಿತ ಮಾಡಿಕೊಂಡ, ಆಮೇಲೆ ಅವಳ ಕಡೆ ತಿರುಗಿಸಿದ. ಸರೋಜಾ ಆರು ಅಂಕಿ ಗಟ್ಟಿಯಾಗಿ ಓದಿದಳು. ಆ ಕಡೆ ಕೀಬೋರ್ಡಿನ ಸದ್ದು, ಬಿಲ್ಲು ಹೊರಬರುವ ಸದ್ದು.

"ಆತಂತೆ," ಎಂದಳು ಯಶೋದಕ್ಕ.

ಸರೋಜಾಳ ಲೋಟದಲ್ಲಿ ಚಹಾ ಆರಿ ಕೆನೆಗಟ್ಟಿತ್ತು. ಅಮೀನಾಬೀ ನಕ್ಕಳು. "ಈಗಾದ್ರೂ ಕುಡೀ ತಂಗಿ."

"ಇಡಬ್ಯಾಡ ಫೋನು," ಎಂದಳು ಯಶೋದಕ್ಕ. "ಇನ್ನೊಂದು ಬರ್ತೈತೆ. ಅದನ್ನೂ ಓದು."

ಬಂತು. ಮಸ್ತಾನಸಾಬ್ ಅಕ್ಷರ ಕೂಡಿಸಿ ಓದಿದ. "ಇದು ಬ್ಯಾರೆ ಐತಲ್ಲ. ನೋಂದಾಯಿತ ನಂಬರ್ ಬದಲಾಯಿಸಲು… ನಿಮ್ಮದಲ್ಲದಿದ್ದರೆ ಯಾರಿಗೂ ಹೇಳಬೇಡಿ ಅಂತೈತಿ. ವಿಚಾರ ಮಾಡು."

"ಏನಕ್ಕ ಇದು?"

"ನಂಬರ್ ಬದಲಿ ಮಾಡ್ಸಾಕತ್ತೀನಿ. ನನ್ನ ನಂಬರಿಗೆ."

ಮಾಡಲೇಬೇಕಾದ ಕೆಲಸವೇ ಅದು. ನಂಬರು ಈಗ ಸರೋಜಾಳದಲ್ಲ. ಆದರೆ ಅವಳಿಗೆ ಇನ್ನೊಂದು ನಂಬರಿತ್ತು. ಅದನ್ನು ಯಾರೂ ಕೇಳಿರಲಿಲ್ಲ. "ತಿಮ್ಮವ್ವನ್ನ, ಓಬಕ್ಕನ್ನ ಒಂದು ಮಾತು ಕೇಳಬೇಕಲ್ಲಕ್ಕ. ಸೋಮವಾರ ಎಲ್ಲರೂ ಕುಂತು…"

"ಇಲ್ಲೇ ನಿಂತಾರೆ ಇಬ್ರೂ."

ಹಿಂದೆ ಓಬಕ್ಕನ ದನಿ ಕೇಳಿಸಿತು, ಯಾರಿಗೋ ದಾರಿ ಬಿಡಿ ಎನ್ನುತ್ತಿದ್ದಳು. ಮಂಡಿ ಹಿಡಿದ ತಿಮ್ಮವ್ವನೂ ಅಷ್ಟು ದೂರ ಬಂದಿದ್ದಳು. ಇನ್ನು ಮೇಲೆ ಬಿಲ್ಲು ಯಶೋದಕ್ಕನ ಕೈಗೆ ಬರುತ್ತದೆ, ಅದರ ತುದಿಯ ಕೂಪನ್ನೂ. ಮೂವರೂ ಕೌಂಟರಿನಲ್ಲಿ ಹೇಗೆ ನಿಂತಿರಬಹುದೆಂದು ಸರೋಜಾಳಿಗೆ ಕಾಣಿಸಿತು. ಫೋನನ್ನು ಸ್ಪೀಕರಿಗೆ ಹಾಕಿರುತ್ತಾರೆ.

"ಬೇಗ ಮೇಡಂ, ಟೈಮ್ ಆಗ್ತೈತೆ," ಎಂದಿತು ಬಿಲ್ ಹಾಕುವ ಹುಡುಗಿಯ ದನಿ.

ಮಸ್ತಾನಸಾಬ್ ಫೋನನ್ನು ಅವಳ ಕಡೆ ಹಿಡಿದೇ ಇದ್ದ. "ಹೇಳ್ತೀಯೋ, ಬಂದ್ ಮಾಡ್ಲೋ?"

ಸರೋಜಾ ಓದತೊಡಗಿದಳು. ಈ ಸಲ ಒಂದೊಂದೇ ಓದಿದಳು. ಅವಳು ಹೇಳಿದ ಪ್ರತಿ ಅಂಕಿಯನ್ನೂ ಯಶೋದಕ್ಕ ಆ ಕಡೆ ಹುಡುಗಿಗೆ ತಿರುಗಿ ಹೇಳುತ್ತಿದ್ದಳು. ಐದಾದ ಮೇಲೆ ಸರೋಜಾ ನಿಂತಳು.

"ಕೊನೇದು?" ಎಂದಳು ಯಶೋದಕ್ಕ.

ಸರೋಜಾ ಹೇಳಿದಳು.