ಬಟ್ಟಲು ಯಾರದು

"ಅಕ್ಷರ ಇರೋ ಕಡೆ ಒಳಕ್ಕೆ ತಿರುಗಿಸಿ ಹಿಡ್ಕೊಳಮ್ಮ," ಎಂದರು ಪ್ರೊಫೆಸರ್ ಬ್ರಾಚ್ಚಿ. "ಟೀವಿಯವರಿಗೆ ಹೊಳಪು ಕಂಡ್ರೆ ಸಾಕು."

ಎರ್ಸಿಲಿಯಾ ಕಪ್ಪು ಮಣ್ಣಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಸಮಾಧಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಬೆಳಿಗ್ಗೆ ಮೊಣಕಾಲೂರಿ ಕೂತು, ಬಿದಿರುಕಡ್ಡಿಯಿಂದ ಮಣ್ಣು ಕೆರೆದು ಅದನ್ನು ಬಿಡಿಸಿದವಳು ಅವಳೇ. ಬಲದಿಂದ ಎಡಕ್ಕೆ ಗೀರಿದ ಅಕ್ಷರಗಳನ್ನು ಮೊದಲು ಓದಿದವಳೂ ಅವಳೇ: ಮಿ ರಮತಾಸ್. ನಾನು ರಮತಾಳದು. ರೋಮನ್ನರಿಗಿಂತ ಮೊದಲು ಇಟಲಿಯಲ್ಲಿ ಬಾಳಿದ ಎತ್ರುಸ್ಕರ ಪಾತ್ರೆಗಳು ಹೀಗೆ ತಾವು ಯಾರವೆಂದು ತಾವೇ ಹೇಳಿಕೊಳ್ಳುತ್ತವೆ. ರಮತಾ ಹೆಣ್ಣಿನ ಹೆಸರು.

ಪಕ್ಕದಲ್ಲಿ ಬಿಳಿ ಬಟ್ಟೆ ಹೊದಿಸಿದ ಹಲಗೆಯೊಂದಿತ್ತು. ಅದರ ಮೇಲೇನು ಬರೆದಿದೆ ಎಂಬುದು ಅಗೆಯಲು ಬಂದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿತ್ತು: ರಾಜಕುಮಾರನ ಸಮಾಧಿ. ರಥದ ಗಾಲಿಯ ಕಬ್ಬಿಣದ ಪಟ್ಟಿ ಸಿಕ್ಕ ದಿನವೇ ಪ್ರೊಫೆಸರ್ ಅದನ್ನು ಬರೆಸಲು ಕೊಟ್ಟಿದ್ದರು.

"ಆ ಹಲಗೆ ತಪ್ಪಲ್ವಾ, ಪ್ರೊಫೆಸರ್ರೇ?"

"ಹೆಂಡತಿ ಕೊಟ್ಟಿರೋ ಬಟ್ಟಲು ಕಣಮ್ಮ ಇದು. ಸತ್ತ ಗಂಡನಿಗೆ ಕಾಣಿಕೆ."

"ಕಾಣಿಕೆ ಆಗಿದ್ರೆ 'ಮುಲು' ಅಂತ ಇರ್ಬೇಕಲ್ಲ, ನನ್ನ ಕೊಟ್ಟರು ಅಂತ? ಪರೀಕ್ಷೇಲಿ ಆ ಪದ ಬಿಟ್ಟಿದ್ದಕ್ಕೆ ನೀವೇ ನನ್ನ ಫೇಲ್ ಮಾಡಿದ್ರಿ."

ಹಿಂದೆ ಕಲ್ಲಂಗಡಿ ಹೋಳು ತಿನ್ನುತ್ತಿದ್ದ ಸಹಪಾಠಿ ಗ್ವಾಲ್ತಿಯೆರೋ ಕಿಸಕ್ಕನೆ ನಕ್ಕ.

"ಮೂಳೆ ಹಿಟ್ಟಾಗಿದ್ದ ಜಾಗದಲ್ಲಿ ಸಿಕ್ಕಿದ್ದು ನೂಲೋ ಕದಿರಿನ ಬಿಲ್ಲೆ," ಎರ್ಸಿಲಿಯಾ ಬಿಡಲಿಲ್ಲ. "ಕತ್ತಿ ಇಲ್ಲ, ಈಟಿ ಇಲ್ಲ."

"ಕಳ್ಳರು ಹೊಡ್ಕೊಂಡು ಹೋಗಿರ್ತಾರೆ."

"ಯಾವ ಕಳ್ಳರು? ಬಾಗಿಲು ಮುಚ್ಚಿದ್ದ ಕಲ್ಲು ಅಲುಗಿರಲೇ ಇಲ್ಲ. ಅದನ್ನ ಸರಿಸಿದ್ದು ನಾವು."

"ಹಂಗಾದ್ರೆ ಕಳ್ಳರು ನಾವೇ ಬಿಡು," ಎಂದ ಗ್ವಾಲ್ತಿಯೆರೋ, ಬೀಜ ಉಗಿದು.

ಪ್ರೊಫೆಸರ್ ಅವನನ್ನು ದುರುಗುಟ್ಟಿ ನೋಡಿ, ಅವಳ ಹತ್ತಿರ ಬಂದು ದನಿ ತಗ್ಗಿಸಿದರು. "ಒಳಗೆ ಗೋಡೆ ಮೇಲೆ ಬಾತುಗಳ ಚಿತ್ರ ಇದೆ, ನೋಡಿದ್ದೀಯಲ್ಲ? ಅಕ್ಟೋಬರ್ ಮಳೆ ಬಿದ್ರೆ ಹೋಯ್ತು. ಪುರಸಭೆಯವರು ಛಾವಣಿ ಹಾಕಿಸ್ತೀವಿ ಅಂದಿರೋದು ರಾಜಕುಮಾರನಿಗೆ. ನೂಲೋ ಹೆಂಗಸಿಗೆ ಯಾರು ಹಾಕಿಸ್ತಾರೆ? ಚಳಿಗಾಲದಲ್ಲಿ ನಿಧಾನಕ್ಕೆ ಲೇಖನ ಬರೆಯೋಣ. ನಿನ್ನ ಹೆಸರೂ ಹಾಕ್ತೀನಿ."

ಆ ಕೊನೆಯ ಮಾತಿಗೆ ಅವಳ ಮೈಯೆಲ್ಲ ಉರಿಯಿತು. ಮಣ್ಣು ಹೇಳಿದ್ದನ್ನು ಬರೆಯಿರಿ, ನಿಮಗೆ ಬೇಕಾದ್ದನ್ನಲ್ಲ ಎಂದು ಕಳೆದ ಬೇಸಿಗೆಯಿಡೀ ಕೂಗಿದವರು ಇವರೇ. ಹೆಂಚಿನ ಒಂದು ಚೂರನ್ನು ತಪ್ಪು ಚೀಲಕ್ಕೆ ಹಾಕಿದನೆಂದು ಎಲ್ಲರೆದುರು ಗ್ವಾಲ್ತಿಯೆರೋನ ನೀರಿಳಿಸಿದ್ದರು. ಈಗ ಒಬ್ಬ ಹೆಂಗಸನ್ನೇ ಇಡಿಯಾಗಿ ತಪ್ಪು ಚೀಲಕ್ಕೆ ಹಾಕುತ್ತಿದ್ದಾರೆ. ಆದರೆ ಆ ಬಾತುಗಳು? ಕೆಂಪು, ಹಳದಿ, ಸಾಲಾಗಿ ನಡೆಯುವ ಬಾತುಗಳು. ಮಳೆಯ ಮಾತು ಸುಳ್ಳಲ್ಲ. ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಹೆಚ್ಚಿತು.

ದೂಳೆಬ್ಬಿಸುತ್ತ ಕಾರುಗಳು ಬಂದವು. ಪುರಸಭೆಯ ಅಧ್ಯಕ್ಷೆ ತಮ್ಮ ಪದವಿಯ ಗುರುತಾದ ಮೂರು ಬಣ್ಣದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತ ಇಳಿದರು. ಹಿಂದೆಯೇ ಕ್ಯಾಮೆರಾದವನು.

"ಅಬ್ಬಾ, ಕನ್ನಡಿ ಥರ ಇದ್ಯಲ್ಲ!" ಅಧ್ಯಕ್ಷೆ ಬಟ್ಟಲಿನತ್ತ ಬಗ್ಗಿದರು. "ನಮ್ಮ ರಾಜಕುಮಾರ ಇದ್ರಲ್ಲೇ ವೈನ್ ಕುಡೀತಿದ್ನಾ?"

"ಮತ್ತೆ?" ಎಂದು ನಗುತ್ತ ಪ್ರೊಫೆಸರ್ ಹಲಗೆಯ ಬಟ್ಟೆಗೆ ಕಟ್ಟಿದ್ದ ದಾರ ಹಿಡಿದುಕೊಂಡರು.

"ಸಿಕ್ಕಿದ್ದು ಈ ಹುಡುಗಿಗಾ? ಯಾಕಮ್ಮ, ಮುಖ ಹಿಂಗೆ ಗಂಟು ಹಾಕ್ಕೊಂಡಿದ್ದೀಯ? ಅವನೇನಾದ್ರೂ ನಿನಗೆ ಕೊಡದೆ ಎಲ್ಲಾ ಒಬ್ಬನೇ ಕುಡಿದುಬಿಟ್ನಾ?"

ಎಲ್ಲರೂ ನಕ್ಕರು. ಎರ್ಸಿಲಿಯಾ ಬಟ್ಟಲನ್ನು ಮೆಲ್ಲಗೆ ತಿರುಗಿಸಿದಳು. ಗೀರುಗಳ ಮೇಲಿದ್ದ ಹೆಬ್ಬೆರಳನ್ನು ತೆಗೆದಳು.

"ನಾನು ರಮತಾಳದು," ಎಂದಳು.

"ಏನಂದೆ?"

"ನಾನಲ್ಲಮ್ಮ, ಅದೇ ಹೇಳ್ತಿರೋದು."

ಅಧ್ಯಕ್ಷೆ ಕನ್ನಡಕ ಹುಡುಕಿ ಹಾಕಿಕೊಂಡರು. "ಯಾರದು ರಮತಾ?"

ಕ್ಯಾಮೆರಾದವನು ಒಂದು ಮೆಟ್ಟಿಲು ಇಳಿದು, ಬೆಳಗಿನ ಮಣ್ಣು ಇನ್ನೂ ಕೂತಿದ್ದ ಅಕ್ಷರಗಳ ಹತ್ತಿರಕ್ಕೆ ಬಂದ. ಹಲಗೆಯ ಬಟ್ಟೆ ಅರ್ಧ ಮೇಲೆದ್ದು ನಿಂತಿತ್ತು, ಅದರ ದಾರ ಪ್ರೊಫೆಸರರ ಕೈಯಲ್ಲಿ ಬಿಗಿಯಾಗಿತ್ತು.