ಸೂಜಿಮೊನೆಯಷ್ಟು ಎಣ್ಣೆ

ನಮ್ಮ ಭಾವನವರಿಗೆ ಹೆಂಡತಿಗಿಂತ ತಮ್ಮ ಬಲಗೈ ತೋರುಬೆರಳಿನ ಮೇಲೆ ಅಭಿಮಾನ ಜಾಸ್ತಿ. ಆ ಹೆಂಡತಿ ನನ್ನ ಸ್ವಂತ ಅಕ್ಕ, ಆದ್ದರಿಂದ ನಾನಿದನ್ನು ಸುಮ್ಮನೆ ಹೇಳುತ್ತಿಲ್ಲ. ತಗಡು ಒತ್ತುವ ಕಾರ್ಖಾನೆಯಲ್ಲಿ ಅವರು ಹೆಡ್ ಮೆಕ್ಯಾನಿಕ್, ನಾನು ಅವರ ಕೈಕೆಳಗಿನ ಫಿಟ್ಟರ್. ಪ್ರೆಸ್ಸು ಸ್ವಲ್ಪ ಮುನಿಸಿಕೊಂಡರೂ ಸಾಕು, ಬೆರಳೆತ್ತಿಕೊಂಡು ಹಾಜರಾಗುತ್ತಿದ್ದರು.

ಪ್ರೆಸ್ಸಿಗೆ ಬಲ ಬರುವುದು ಎಣ್ಣೆಯಿಂದ. ಡಬ್ಬದಲ್ಲಿದ್ದಾಗ ಅಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಪಂಪು ಅದನ್ನು ರಬ್ಬರ್ ಹೋಸಿನೊಳಗೆ ತುರುಕಿತೆಂದರೆ ದಪ್ಪ ಉಕ್ಕಿನ ತಗಡನ್ನೂ ಕಾಗದದಂತೆ ಮಡಚಿಬಿಡುತ್ತದೆ. ಹೋಸಿನಲ್ಲಿ ಕೂದಲೆಳೆಯಷ್ಟು ತೂತು ಬಿದ್ದರೆ ಅಲ್ಲಿಂದ ಸೂಜಿಯಂತೆ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ. ಪಂಪು ನಿಲ್ಲಿಸಿ ಹುಡುಕಬೇಕು, ಇಲ್ಲವೇ ರಟ್ಟಿನ ತುಂಡು ಹಿಡಿದು ಅದರ ಮೇಲೆ ಎಣ್ಣೆ ಎಲ್ಲಿ ಬೀಳುತ್ತದೆಂದು ದೂರದಿಂದ ನೋಡಬೇಕು. ಕೈಯಿಂದ ಸವರಬಾರದು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದು ತೂಗುಹಾಕಿದ್ದರು. ಭಾವ ಆ ಬೋರ್ಡಿನ ಮೊಳೆಗೇ ಅಂಗಿ ನೇತುಹಾಕುತ್ತಿದ್ದರು.

ಅವತ್ತು ಬೆಳಗ್ಗೆ ಎಲ್ಲೋ ಎಣ್ಣೆ ಸೋರುತ್ತಿತ್ತು.

"ಭಾವ, ರಟ್ಟು ತಗೊಳ್ಳಿ," ಎಂದೆ.

"ಲೋ, ನೀನು ಚಡ್ಡಿ ಹಾಕ್ಕೊಳ್ಳೋಕೆ ಮುಂಚೆಯಿಂದ ಹೋಸ್ ಸವರ್ತಿದ್ದೀನಿ. ಅಜ್ಜಿಗೆ ಕೆಮ್ಮೋದು ಕಲಿಸ್ತಾನಂತೆ ಇವನು!"

ಸುತ್ತಲಿದ್ದ ಕೆಲಸಗಾರರೆಲ್ಲ ಗೊಳ್ಳೆಂದು ನಕ್ಕರು. ಪಂಪು ಓಡುತ್ತಿದ್ದಂತೆಯೇ ಹೋಸಿನುದ್ದಕ್ಕೂ ಬೆರಳಾಡಿಸುತ್ತಾ ಹೋದ ಭಾವ, "ಹಾ" ಎಂದು ಕೈ ಎಳೆದುಕೊಂಡರು. ಬೆರಳ ತುದಿಯಲ್ಲಿ ಒಂದು ಚುಕ್ಕೆ. ರಕ್ತವೂ ಇಲ್ಲ.

"ಸಿಕ್ತು ನೋಡು ತೂತು!" ಎಂದು ಬೀಗಿದರು.

"ಭಾವ, ಎಣ್ಣೆ ಒಳಗೆ ಹೋಗಿದೆ. ಈಗ್ಲೇ ದೊಡ್ಡಾಸ್ಪತ್ರೆಗೆ ನಡೀರಿ."

"ಸೊಳ್ಳೆ ಕಚ್ಚಿದ್ದಕ್ಕೆ ಆಂಬುಲೆನ್ಸ್ ಬೇಕಂತೆ!"

ಮತ್ತೆ ನಗು. ನನಗೆ ಮೈಯೆಲ್ಲ ಉರಿಯಿತು. ಆ ಚುಕ್ಕೆಯ ಹಿಂದೆ ಎಣ್ಣೆ ಅಂಗೈವರೆಗೂ ನುಗ್ಗಿರುತ್ತದೆ, ಮೊದಲು ನೋವೇ ಇರುವುದಿಲ್ಲ, ಆಮೇಲೆ ಒಳಗೊಳಗೇ ಮಾಂಸ ಕೊಳೆಯುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಮ್ಯಾನೇಜರ್ ಕೋಣೆ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಹೋಗಲಿಲ್ಲ. ಸ್ವಲ್ಪ ಊದಿಕೊಳ್ಳಲಿ, ಸೊಕ್ಕಿಳಿಯಲಿ, ತಾವೇ ಬಂದು ಕೇಳಲಿ ಎಂದು ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಊಟದ ಹೊತ್ತಿಗೆ ಬೆರಳು ಬದನೆಕಾಯಿಯಾಗಿತ್ತು. ಭಾವನ ಚಮಚ ಎಡಗೈಗೆ ಬಂದಿತ್ತು.

"ಯಾಕೋ ತುಂಬಾ ಉರೀತಿದೆ ಕಣೋ," ಎಂದರು. ಅವರ ಬಾಯಲ್ಲಿ ಅಂಥ ಮೆತ್ತನೆಯ ದನಿ ನಾನು ಕೇಳಿರಲೇ ಇಲ್ಲ. ಊಟ ಬಿಟ್ಟು ಮ್ಯಾನೇಜರ್ ಕೋಣೆಗೆ ಓಡಿದೆ.

ಆಸ್ಪತ್ರೆಯಲ್ಲಿ ಅಂಗೈವರೆಗೂ ಸೀಳಿ ತೊಳೆದರು. ಕೈ ಉಳಿಯಿತು, ಬೆರಳು ಹೋಯಿತು.

ಮರುದಿನ ವಾರ್ಡಿಗೆ ಬಂದ ಸರ್ಜನ್, "ಮೂರು ಗಂಟೆ ಮುಂಚೆ ಬಂದಿದ್ರೆ ಬೆರಳೂ ಉಳೀತಿತ್ತೇನೋ," ಎಂದು ಹೇಳಿ ಹೋದರು.

ಅಕ್ಕ ನನ್ನ ಕಡೆ ತಿರುಗಿದಳು. "ನೀನು ಅಲ್ಲೇ ಇದ್ಯಲ್ಲೋ?"



"ಅವನಿಗೆ ಏನೂ ಅನ್ಬೇಡ ಕಣೇ," ಎಂದರು ಭಾವ, ಮಂಚದಿಂದಲೇ. "ಪಾಪ, ಬೆಳಗ್ಗೆಯಿಂದ ಬಡ್ಕೊಂಡ. ನಾನೇ ಕೇಳ್ಲಿಲ್ಲ."

ಅಕ್ಕ ನನ್ನೆರಡೂ ಕೈ ಹಿಡಿದುಕೊಂಡು ಅತ್ತಳು. "ನೀನೊಬ್ಬ ಜೊತೇಲಿದ್ಯಲ್ಲ, ನಮ್ಮ ಪುಣ್ಯ."

ನಾನು ಬಾಯಿ ಬಿಟ್ಟದ್ದು ಎರಡೇ ಸಲ. ಆಮೇಲಿನ ಮೂರು ಗಂಟೆ ಆ ಬೆರಳು ಊದುವುದನ್ನೇ ನೋಡುತ್ತಾ ಕೂತಿದ್ದೆ. ಅದನ್ನು ಹೇಳಿಬಿಡಬೇಕೆಂದು ಉಸಿರೆಳೆದುಕೊಂಡೆ.

"ಇರ್ಲಿ ಬಿಡಕ್ಕಾ," ಎಂದೆ.